ಜೈಲಿಲ್ಲ ಎಂದು ನಕ್ಕ ಬಸ್ ಮಾಲೀಕ

ನೋಡಿ, ಒಂದು ಊರು. ಅಲ್ಲೊಬ್ಬ ಶ್ರೀಮಂತ, ಹನ್ನೆರಡು ಬಸ್ಸುಗಳ ಮಾಲೀಕ. ಮನೆಯಲ್ಲಿ ಹೆಂಡತಿ, ಪಕ್ಕದ ಊರಿನಲ್ಲಿ ಇನ್ನೊಬ್ಬಳ ಸಂಗ. ಅವನ ತಮ್ಮ ಸೈನ್ಯದಲ್ಲಿ ಮೇಜರ್. ಗುಣ ಮಾತ್ರ ಅಣ್ಣನದೇ. ಜೊತೆಯ ಅಧಿಕಾರಿಯ ಹೆಂಡತಿಯೊಡನೆ ಸಂಬಂಧ ಬೆಳೆಸಿದ. ವಿಷಯ ಬಯಲಾಯಿತು. ಸೈನ್ಯದ ನ್ಯಾಯಾಲಯ ಕೂತಿತು. ಸಮವಸ್ತ್ರ ಹೋಯಿತು, ಹುದ್ದೆ ಹೋಯಿತು. ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದ.

ಊಟಕ್ಕೆ ಕೂತಾಗ ಅಣ್ಣ ನಕ್ಕಿದ್ದೇ ನಕ್ಕಿದ್ದು.

“ಲೋ ದಡ್ಡ, ನನ್ ಥರ ಬಸ್ ಓಡಿಸ್ಕೊಂಡಿದ್ದಿದ್ರೆ ನಿನ್ನನ್ನ ಯಾರು ಕೇಳ್ತಿದ್ರು? ನಮಗೆಲ್ಲ ಇದು ಅಪರಾಧನೇ ಅಲ್ಲ ಅಂತ ದೊಡ್ಡ ಕೋರ್ಟೇ ಹೇಳಿದೆ. ಊರಿನ ವಕೀಲರನ್ನೆಲ್ಲ ಕೇಳಿದೀನಿ, ಜೈಲಿಲ್ಲ, ಗೀಲಿಲ್ಲ!”

“ಅತ್ತಿಗೆ ಇದಾರೆ, ಮೆಲ್ಲಗೆ ಮಾತಾಡಣ್ಣ.”

“ಇರ್ಲಿ ಬಿಡೋ. ಅವಳೇನು ನಿಮ್ಮ ಕರ್ನಲ್ಲಾ?”

ಬಡಿಸುತ್ತಿದ್ದ ಹೆಂಡತಿ ಸೌಟು ಕೆಳಗಿಟ್ಟು ಒಳಗೆ ಹೋದಳು. ಒಂದು ಮಾತಿಲ್ಲ. ಶ್ರೀಮಂತನಿಗೆ ಆ ಮೌನ ಒಪ್ಪಿಗೆಯಂತೆ ಕಂಡಿತು. ಹಾಗೆ ಕಾಣುವುದು ಎಷ್ಟು ಅನುಕೂಲ, ಅಲ್ಲವೆ?

ತಿಂಗಳಲ್ಲಿ ವಿಚ್ಛೇದನದ ನೋಟಿಸು ಬಂತು. ವಕೀಲರು ಹೇಳಿದರು: “ಸಾಹುಕಾರ್ರೇ, ಅವರ ಹತ್ರ ಗಟ್ಟಿ ಸಾಕ್ಷಿ ಇಲ್ಲ. ನೀವು ಜಾಸ್ತಿ ಮಾತಾಡಬೇಡಿ.” ಇವನು ಕೇಳಬೇಕಲ್ಲ! ಕಟಕಟೆಯಲ್ಲಿ ಎದೆಯುಬ್ಬಿಸಿ ನಿಂತ.

“ಹೌದು ಸ್ವಾಮಿ, ಸಂಬಂಧ ಇದೆ. ಏಳು ವರ್ಷದಿಂದ ಇದೆ. ಅಪರಾಧ ಅಲ್ಲವಲ್ಲ!”

ನ್ಯಾಯಾಧೀಶರು ಕನ್ನಡಕ ತೆಗೆದರು. “ಅಪರಾಧ ಅಲ್ಲ, ನಿಜ. ನಿಮ್ಮನ್ನ ಜೈಲಿಗೆ ಹಾಕಿಸೋಕೆ ಇವರು ಬಂದಿಲ್ಲ. ನಿಮ್ಮಿಂದ ಬಿಡುಗಡೆ ಕೇಳೋಕೆ ಬಂದಿದಾರೆ. ಅದಕ್ಕೆ ಬೇಕಾದ ಸಾಕ್ಷೀನ ನೀವೇ ಕೊಟ್ರಿ.”

ತೀರ್ಪಿನ ದಿನ ಶ್ರೀಮಂತ ಹೆಂಡತಿಯ ಹಿಂದೆಯೇ ಓಡಿದ.

“ಇಷ್ಟು ವರ್ಷ ಒಂದ್ ಮಾತೂ ಆಡ್ಲಿಲ್ವಲ್ಲೇ! ಬೇಡ ಅಂದಿದ್ರೆ ಬಿಟ್ಬಿಡ್ತಿದ್ದೆ.”

“ಜೈಲಿದೆಯಾ ಇಲ್ವಾ ಅಂತ ಊರಿನ ವಕೀಲರನ್ನೆಲ್ಲ ಕೇಳಿದ್ರಿ. ನನ್ನನ್ನ ಒಂದು ದಿನ ಏನಾದ್ರೂ ಕೇಳಿದ್ರಾ?”

ಅಷ್ಟು ಹೇಳಿ ಅವಳು ಸರ್ಕಾರಿ ಬಸ್ಸು ಹತ್ತಿ ಹೋದಳು. ಹನ್ನೆರಡು ಬಸ್ಸುಗಳ ಮಾಲೀಕ ಧೂಳಿನಲ್ಲಿ ನಿಂತಿದ್ದ.

ನಗುತ್ತಿದ್ದೀರಿ. ನಗಿ. ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬರ ನಗು ನಿಂತಿದೆ. ನಾನು ಆ ಕಡೆ ನೋಡುವುದಿಲ್ಲ.

ಜೊತೆಗಾರನನ್ನು ನಂಬಿ ಗಡಿಯಲ್ಲಿ ನಿಲ್ಲಬೇಕಾದವನಿಗೆ ಆ ನಂಬಿಕೆ ಮುರಿದರೆ ಶಿಕ್ಷೆ ಇದೆ. ನಮಗಿಲ್ಲ. ಪೊಲೀಸರು ಬರುವುದಿಲ್ಲ. ಪೊಲೀಸರು ಬರುವುದಿಲ್ಲ ಎಂದ ಮಾತ್ರಕ್ಕೆ ನಾವು ಯಾರಿಗೂ ಮಾತು ಕೊಟ್ಟೇ ಇರಲಿಲ್ಲವೆ? ಜೈಲಿನ ಭಯ ಒಂದೇ ನಿಮ್ಮನ್ನು ಮನೆಯಲ್ಲಿ ಹಿಡಿದಿಟ್ಟಿತ್ತೆ?

ಈಗ ಮನೆಗೆ ಹೋಗಿ. ಹೆಂಡತಿ ಹತ್ತಿರ ಬಂದೊಡನೆ ಮೊಬೈಲನ್ನು ಬೋರಲು ಹಾಕುವ ಕೈ ಇದೆಯಲ್ಲ, ಮೊದಲು ಅದನ್ನು ತಡೆಯಿರಿ. ಆ ನಂಬರು ಅಳಿಸಿ. ಅವಳು ಮಾತು ನಿಲ್ಲಿಸಿ ಎಷ್ಟು ದಿನವಾಯಿತೆಂದು ನೆನಪು ಮಾಡಿಕೊಳ್ಳಿ. ಅದನ್ನು ಶಾಂತಿ ಎಂದು ಕರೆಯಬೇಡಿ. ಎದುರು ಕೂತು ಕೇಳಿ. ಅವಳು ಉತ್ತರ ಕೊಡುವವರೆಗೆ ಎದ್ದು ಹೋಗಬೇಡಿ.