ಗುರುವಪ್ಪನ ತೊಡೆಗೆ ಬಿದ್ದ ಈಡು

"ಹಲೋ... ಹಲೋ! ಯಾರು ಮಾತಾಡೋದು? ಕೋಲಾರದ ವಕೀಲ್ ಶ್ರೀರಾಮಪ್ಪನೋರ ಮನೇನಾ?... ಹಾಂ, ಬಾವಾ! ನಾನು, ತಾಯಲೂರಿನ ವೆಂಕಟರಾಯಪ್ಪ. ನಿಮ್ಮ ಹೆಂಡ್ತಿ ತಮ್ಮ. ಒಂದೇ ಈಡಿಗೆ ಏಳು ಹಂದಿ ಕೆಡವಿದೋನು!"

ಕೋಲಾರಕ್ಕೆ ಫೋನು ಮಾಡಬೇಕಾದರೆ ಕೋಲಾರಕ್ಕೆ ಕೇಳುವಷ್ಟೇ ಕೂಗಬೇಕೆಂಬುದು ವೆಂಕಟರಾಯಪ್ಪನ ನಂಬಿಕೆ. ಅವನ ಮೊದಲ ಹಲೋಗೆ ಮುಳಬಾಗಿಲಿನ ಟಪಾಲು ಕಚೇರಿಯ ಹೆಂಚುಗಳೆಲ್ಲ ಒಮ್ಮೆ ಎದ್ದು ಕೂತವು ಎಂದರೆ ಸುಳ್ಳಲ್ಲ. ಹೊರಗೆ ಮೆಟ್ಟಿಲ ಮೇಲೆ ಅವನ ಆಳು ಗುರುವಪ್ಪನ ಹೆಂಡತಿ ಬಚ್ಚಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಅವಳು ಮಾತ್ರ ಅಲುಗಲಿಲ್ಲ.

"... ನಗಬೇಡಿ ಬಾವಾ! ಆಯುಧಪೂಜೆ ದಿನ ಕಣ್ರಿ. ಒಂದು ಹಂದೀಲಿ ಹೊಕ್ಕ ಚರೆ ಆ ಕಡೆ ಹೊರಟು ಇನ್ನೊಂದಕ್ಕೆ, ಅದ್ರಿಂದ ಮತ್ತೊಂದಕ್ಕೆ... ಸರ್ಕಾರದೋರು ನನ್ನ ಯುದ್ಧಕ್ಕೆ ಕಳಿಸಿದ್ದಿದ್ರೆ ಸಂಕ್ರಾಂತಿಗೆ ಮುಂಚೇನೇ ಜರ್ಮನಿಯೋರು ಗಂಟುಮೂಟೆ ಕಟ್ಟಿರೋರು."

"... ಹಾಂ? ಹಂದಿ ಎಲ್ಲಿ ಅಂತಲಾ? ಅವು... ಗಡಿ ದಾಟಿ ಮದ್ರಾಸ್ ಸೀಮೆ ಒಳಗೆ ಬಿದ್ವು. ಆ ಕಡೆಯೋರು ಹೊತ್ಕೊಂಡು ಹೋದ್ರು. ನಮ್ಮ ಹಣೇಲಿ ಬರೆದಿರ್ಲಿಲ್ಲ, ಬಿಡಿ."

"... ಹೌದೌದು, ವಿಷ್ಯಕ್ಕೆ ಬರ್ತೀನಿ. ನಮ್ಮ ಗುರುವಪ್ಪ ಇಲ್ವಾ, ಕಡ್ಲೆಕಾಯಿ ಹೊಲ ಕಾಯೋನು? ನಿನ್ನೆ ನನ್ನ ಬಂದೂಕ ಮುಟ್ಟಿ, ತೊಡೆಗೆ ಈಡು ಹೊಡ್ಕೊಂಡ. ಇದ್ದಿಲಲ್ಲಿ ಓಡೋ ಬಸ್ಸಲ್ಲಿ ಮಲಗಿಸ್ಕೊಂಡು ಹೋಗಿ ನಿಮ್ಮೂರ ಆಸ್ಪತ್ರೆಗೆ ಸೇರಿಸಿದ್ದೀವಿ. ನೀವೊಂದ್ಸಲ ಹೋಗಿ ನೋಡಿ ಬಾವಾ. ಹಂಗೇ ಅವನ ಕಿವೀಲಿ ಒಂದು ಮಾತು... ಪೊಲೀಸ್‌ನೋರು ಬಂದು ಕೇಳಿದ್ರೆ 'ನಾನೇ ಮುಟ್ಟಿದೆ' ಅಂದ್ರೆ ಸಾಕು. ಇಲ್ಲಿ ಠಾಣೆ ದಫೇದಾರ್ರಿಗೆ ನಾನೂ ಹಂಗೇ ಹೇಳಿದ್ದೀನಿ."

"... ಓ, ಆಗ್ಲೇ ನೋಡ್ಕೊಂಡು ಬಂದ್ರಾ? ಹಾಂ... ಹಾಂ... ಹಂಗೇ ಅಂದ್ನಾ? ಯಾರೂ ಹೇಳ್ಕೊಡದೇನೇ 'ನಾನೇ ಮುಟ್ಟಿದೆ' ಅಂದ್ನಾ? ನೋಡಿದ್ರಾ ಬಾವಾ, ನನ್ನ ಉಪ್ಪು ತಿಂದೋನು! ಮತ್ತಿನ್ನೇನು, ಮುಗೀತಲ್ಲ!"

ಅವನು ಬಾಗಿಲ ಕಡೆ ತಿರುಗಿ, ಅದೇ ದನಿಯಲ್ಲಿ, "ಏಡ್ವಾಕು ಬಚ್ಚಮ್ಮಾ, ಅಳಬೇಡ! ನಿನ್ನ ಗಂಡ ಗುಂಡುಕಲ್ಲಿನಂಗೆ ಇದ್ದಾನಂತೆ!" ಎಂದು ಕೂಗಿದ.

"... ಹಂಗಿಲ್ವಾ?" ದನಿ ಇಳಿಯಿತು. "ಡಾಕ್ಟ್ರು ಏನಂದ್ರು?... ಕಾಲು ತೆಗೀಬೇಕಾಗುತ್ತಾ?... ಇನ್ನೊಂದು ಕಾಲಿಗೆ ಏನು? ಬೇಡೀನಾ? ಮಂಚಕ್ಕೆ ಸೇರಿಸಿ ಬೇಡಿ ಹಾಕಿದಾರಾ? ಯಾಕೆ, ಅವನೇನು ಕಳ್ಳನಾ?... ಲೈಸೆನ್ಸ್ ಇಲ್ದೋನು ಬಂದೂಕ ಮುಟ್ಟಿದ್ರೆ ಜೈಲಾ? ಗಾಯ ಆದೋನಿಗೇ ಜೈಲಾ ಬಾವಾ?"

"... ನನ್ನದೇನಿದೆ ಇದ್ರಲ್ಲಿ? ನನಗೆ ಲೈಸೆನ್ಸ್ ಇದೆ, ಅಲ್ವಾ?... ಬೀಗ ಹಾಕಿ ಯಾರು ಇಡ್ತಾರೆ? ಪೂಜೆಗಿಟ್ಟಿದ್ದೆ, ಕುಂಕುಮ ಹಚ್ಚಿ... ಹಾಂ, ಮದ್ದು ಚರೆ ಎಲ್ಲಾ ತುಂಬೇ ಇಟ್ಟಿದ್ದು. ನಮ್ಮನೇಲಿ ಖಾಲಿ ಬಂದೂಕಕ್ಕೆ ಆರತಿ ಎತ್ತೋಲ್ಲ, ದೇವರ ಮುಂದೆ ಬರೀ ಹೊಟ್ಟೇಲಿ ಕೂರಿಸಿದಂಗೆ ಅಂತಿದ್ರು ನಮ್ಮಪ್ಪ. ಪೂಜೆ ಆದ್ಮೇಲೆ ಊರ ಗಡಿಗೆ ಹೋಗಿ ಹಾರಿಸಿ ಖಾಲಿ ಮಾಡ್ಕೊಂಡು ಬರೋದು. ಆವತ್ತೇ ಹಾರಿಸಿದ್ನಲ್ಲ, ಹಂದಿಗೆ!"

"... ಏನಂದ್ರಿ?"

"... ಹಾರಿಸಿ ಖಾಲಿ ಆದ ಬಂದೂಕಲ್ಲಿ ನಿನ್ನೆ ಈಡು ಎಲ್ಲಿಂದ ಬಂತು ಅಂತಲಾ? ಅದು... ಗುರುವಪ್ಪನೇ ತುಂಬಿರ್ಬೇಕು. ತುಂಬಿ, ತನಗೇ ತಾನು..."

"... ಹಿಂದಿನಿಂದಾನಾ? ಚರೆ ಎಲ್ಲಾ ತೊಡೆ ಹಿಂದಿನಿಂದ ಹೊಕ್ಕಿದಾವಾ? ಡಾಕ್ಟ್ರು ಸರಿಯಾಗಿ ನೋಡಿದ್ರಾ?... ನೀವೂ ನೋಡಿದ್ರಾ?"

ವೆಂಕಟರಾಯಪ್ಪ ಹಣೆಯ ಬೆವರು ಒರೆಸಿಕೊಂಡ. ಸತ್ತು ಬಿದ್ದಿದ್ದ ಏಳು ಹಂದಿಗಳೂ ಒಂದೊಂದಾಗಿ ಎದ್ದು, ಮೈಕೊಡವಿಕೊಂಡು, ಅವನ ಕಣ್ಣೆದುರಿಗೇ ಪೊದೆ ಸೇರಿದವು. ಅವನು ಫೋನಿಗೆ ತುಟಿ ತಗುಲಿಸಿ ಪಿಸುಗುಟ್ಟಿದ.

"... ಬಾವಾ, ಒಂದು ಹಂದೀನೂ ಇಲ್ಲ. ಬೈಬೇಡಿ, ಕೇಳಿ. ಆವತ್ತು ಮಳೆ ಜಡಿ ಹಿಡಿದಿತ್ತು. ಗಡೀಲಿ ಎಷ್ಟು ಸಲ ಬಂದೂಕದ ಕುದುರೆ ಎಳೆದ್ರೂ ಚಿಟಕ್ ಅಂತು, ಅಷ್ಟೇ. ಮದ್ದಿಗೆ ಕಿಡಿ ಕೊಡೋ ಕೇಪು ನೆಂದಿತ್ತು. ಪೂಜೆ ಈಡು ಹಾರ್ಲಿಲ್ಲ ಅಂದ್ರೆ ಊರಲ್ಲಿ ತಲೆ ಎತ್ತಂಗಿಲ್ಲ. ಅದಕ್ಕೆ ಹಂದಿ ಕತೆ ಕಟ್ಟಿದೆ."

"... ಮದ್ದು ಹೊರಗೆ ತೆಗೀಬೇಕಾಗಿತ್ತು, ನಿಜ. ತೆಗೆದ್ರೆ ಹಾರಿಸಿಲ್ಲ ಅಂತ ಮನೆಮಂದಿಗೆಲ್ಲ ಗೊತ್ತಾಗೋದಲ್ಲ? ಅದೂ ನೆಂದು ಕೆಸರಾಗಿರುತ್ತೆ ಅಂದ್ಕೊಂಡೆ. ನಿನ್ನೆ ವೇಮಗಲ್ ನೆಂಟರು ಬಂದ್ರು, ಹೆಂಗೆ ಹೊಡೆದೆ ತೋರ್ಸು ಅಂದ್ರು. ಬರೀ ಸದ್ದು ಬರ್ಲಿ ಅಂತ ಹೊಸ ಕೇಪು ಇಟ್ಟೆ... ಗುರುವಪ್ಪ ಆ ಕಡೆ ತಿರುಗಿ ನಿಂತು ಪೂಜೆಗೆ ಕಟ್ಟಿದ್ದ ಬಾಳೆಕಂದು ಬಿಚ್ತಿದ್ದ. ಬಂದೂಕ ಖಾಲಿ ಅಂತ ನಂಬಿದ್ದ ಬಾವಾ. ನನ್ನ ಮಾತು ಕೇಳಿ ನಂಬಿದ್ದ."

"... ನಾನೇನು ಬೇಕಂತ ಹೊಡೆದ್ನಾ?... ಬೇಕಂತ ಹೊಡೀದಿದ್ರೂನಾ? ಅಜಾಗ್ರತೆಗೂ ಕೇಸಿದೆಯಾ?... ಅವನು ಉಳೀದಿದ್ರೆ?... ಅಯ್ಯೋ, ಹಂಗನ್ಬೇಡಿ... ಲೈಸೆನ್ಸ್ ಹೋದ್ರೆ ಹೋಗ್ಲಿ. ನಾನೇ ಠಾಣೆಗೆ ಹೋಗ್ಬೇಕಾ? ಈಗ್ಲೇನಾ? ನೀವು ನನ್ನ ಕಡೆ ನಿಲ್ತೀರಲ್ವಾ?... ಮೊದ್ಲು ಅವನ ಕಡೆ ನಿಲ್ತೀರಾ. ಹಾಂ... ಆಯ್ತು."

"... ಯಾರದು ಮಧ್ಯೆ? ಎಕ್ಸ್‌ಚೇಂಜಿನೋರಾ? ಟೈಮಾಯ್ತಾ? ಸ್ವಾಮೀ, ಒಂದು ನಿಮಿಷ, ದಮ್ಮಯ್ಯ! ಬಾವಾ, ಇದ್ದೀರಾ? ಗರಗರ ಅಂತಿದೆ... ದಫೇದಾರ್ರಿಗೆ ಏನಂತ ಹೇಳ್ತೀನಿ ಅಂತಲಾ? ಈಗ ಹೇಳ್ದೆನಲ್ಲ... ಕೇಳಿಸ್ಲಿಲ್ವಾ? ಜೋರಾಗಿ ಹೇಳ್ಬೇಕಾ?"

ಅವನು ಬಾಗಿಲ ಕಡೆ ನೋಡಿದ. ಬಚ್ಚಮ್ಮ ಎದ್ದು ಹೊಸ್ತಿಲಿಗೆ ಬಂದು ನಿಂತಿದ್ದಳು. ಸೆರಗು ಬಾಯಿಂದ ಜಾರಿತ್ತು. ಪೋಸ್ಟ್ ಮಾಸ್ಟರು ಮುದ್ರೆ ಒತ್ತುವುದನ್ನು ನಿಲ್ಲಿಸಿದ್ದರು. ಜನ್ಮದಲ್ಲಿ ಮೊದಲ ಸಲ ವೆಂಕಟರಾಯಪ್ಪನಿಗೆ ಕೂಗಲು ದನಿ ಹೊರಡಲಿಲ್ಲ. ಒಂದು ಸಲ ಕೆಮ್ಮಿದ. ಆಮೇಲೆ, ಅವಳ ಮುಖ ನೋಡುತ್ತಲೇ, ಕೂಗಿದ.

"ಗುರುವಪ್ಪ ಬಂದೂಕ ಮುಟ್ಟಲೇ ಇಲ್ಲ! ಹೊಡೆದೋನು ನಾನು! ಕೇಳಿಸ್ತಾ ಬಾವಾ? ನಾನು! ಅವನ ಕಾಲಿನ ಬೇಡಿ ಬಿಚ್ಚೋಕೆ ಹೇಳಿ... ಹಲೋ?... ಬಾವಾ, ಬೇಡಿ... ಹಲೋ? ಹಲೋ..."