ಓಟಿನವರು ಕೊಟ್ಟ ಗಿಡ

ಬೆಳ್ಳಾರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ತೃಪ್ತಿಯ ಪಕ್ಕ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು, ಕದೀಜಮ್ಮ ಮತ್ತು ಅಮ್ಮು, ಕುಳಿತಿದ್ದರು. ಕದೀಜಮ್ಮನ ಮಡಿಲಲ್ಲಿ ಒಂದು ಗಿಡವಿತ್ತು.

"ಯಾರು ಕೊಟ್ಟದ್ದು?" ಎಂದಳು ಅಮ್ಮು.

"ಓಟು ಕೇಳ್ಲಿಕ್ಕೆ ಬಂದವರು. ಇದನ್ನು ನೆಟ್ರೆ ಹವಾಮಾನ ಸರಿಯಾಗ್ತದಂತೆ."

"ಮತ್ತೊಂದು ಪಕ್ಷದವರು?"

"ಮಳೆ ದೇವರ ಕೈಯಲ್ಲಿ ಉಂಟು, ಹೊಳೆ ದಾಟ್ಲಿಕ್ಕೆ ಸಂಕ ಕಟ್ಟಿಸ್ತೇವೆ ಅಂದ್ರು."

"ಸಂಕವಾದ್ರೂ ಬರ್ಲಿ ಮಾರಾಯ್ರೆ. ಗಿಡ ಮರ ಆಗುವಾಗ ನಾವಿರುದಿಲ್ಲ."

"ಅವತ್ತು ಹೊಳೆ ಉಕ್ಕಿದ ದಿನ ನಮ್ಮಲ್ಲಿ ಬಿಸಿಲಲ್ವಾ ಅಮ್ಮು? ಗುಡ್ಡೆಯಲ್ಲಿ ಮಳೆ ಸುರಿದದ್ದು ಹೊಳೆ ದಾಟುವ ನನ್ನ ಮೊಮ್ಮಗಳು ಅಮೀರಾಳಿಗೆ ಹೇಗೆ ಗೊತ್ತಾಗ್ಬೇಕು? ನೀರು ಬರುವ ಮೊದ್ಲು ಹೇಳುವ ವ್ಯವಸ್ಥೆ ಮಾಡ್ತೀರಾ ಅಂತ ಇಬ್ಬರ ಹತ್ರವೂ ಕೇಳಿದೆ."

"ಎಂತ ಹೇಳಿದ್ರು?"

"ಒಬ್ಬರು ನನ್ನೊಟ್ಟಿಗೆ ಫೋಟೋ ತೆಗ್ಸಿದ್ರು. ಮತ್ತೊಬ್ಬರು ವಾಚು ನೋಡಿದ್ರು."

ಬಸ್ಸು ಬಂತು. ಇಬ್ಬರೂ ಎದ್ದರು.

"ಗಿಡ ಎಲ್ಲಿ ನೆಡುದು?"

"ಪಳ್ಳಿಗೆ ನಮಾಜಿಗೆ ಹೋಗುವಾಗ ನಮ್ಮ ಮನೆಯ ಪೋಕರ್ ಕೊಂಡೋಗ್ತಾನೆ. ಮೊಮ್ಮಗಳನ್ನು ಮಣ್ಣು ಮಾಡಿದ ಖಬರಿನ ಮೇಲೆ ಮೊದ್ಲು ನೆಟ್ಟದ್ದು ಒಣಗಿತಂತೆ."