ಮಹಡಿಗೆ ಎಳೆದ ವೈರ್

ಲೈಟ್ ಆರಿಸಬೇಡಿ, ಇರಲಿ. ಇದು ಕಟ್ಟಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳು ಸುಮನಾಗೆ ಆಗಿದ್ದು. ಭದ್ರಾವತಿಯಲ್ಲಿ ನಂದೊಂದು ಕಂಪ್ಯೂಟರ್ ಅಂಗಡಿ ಇದೆಯಲ್ಲ, ಆ ವೈರ್ ಮಾರಿದವಳೇ ನಾನು.

ಅವತ್ತು ಸುಮನಾ ರಾತ್ರಿ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಗೋಪಾಳದ ಸ್ಟಾಪಿನಿಂದ ಮನೆಗೆ ಒಬ್ಬಳೇ ನಡೆದಿದ್ದಾಳೆ. ಚೀಲದಲ್ಲಿ ನೆಟ್‌ವರ್ಕ್ ವೈರಿನ ಸುರುಳಿ. ದಾರಿಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅದರ ಹತ್ತಿರ ಬಂದಾಗ... ಚೀಲವನ್ನು ಯಾರೋ ಹಿಂದಕ್ಕೆ ಜಗ್ಗಿದ ಹಾಗಾಯ್ತು. ಜಾಲರಿಗೆ ಸಿಕ್ಕಿರಬೇಕು ಅಂದುಕೊಂಡಳು. ತಿರುಗಿದರೆ ಜಾಲರಿ ಎರಡು ಮಾರು ದೂರ ಇತ್ತು.

ಸುಮನಾ ಶಿವರಾಜನಿಗೆ ಎರಡನೇ ಹೆಂಡತಿ. ಮೊದಲನೆಯವಳು ದಾಕ್ಷಾಯಣಿ, ಜ್ವರದಲ್ಲಿ ತೀರಿಕೊಂಡಳು. ಬಲು ಚುರುಕು. ಆ ಮನೆಯ ಕಂಪ್ಯೂಟರ್, ಯುಪಿಎಸ್ ಎಲ್ಲಾ ಅವಳೇ ಜೋಡಿಸಿದ್ದು. ಮನೆ ಕಟ್ಟುವಾಗಲೇ "ಮುಂದೆ ನೆಟ್ ಬೇಕಾಗುತ್ತೆ" ಅಂತ ಹಾಲ್‌ನಿಂದ ಮಹಡಿ ರೂಮಿಗೆ ಗೋಡೆಯೊಳಗೆ ಪೈಪ್ ಹಾಕಿಸಿದ್ದಳು. ವೈರ್ ಎಳೆಯೋಕೆ ಆಯುಸ್ಸು ಸಾಲಲಿಲ್ಲ.

ಸುಮನಾಗೆ ಅದೇ ಹೊಟ್ಟೆಕಿಚ್ಚು. ಶಿವರಾಜ ಬಾಯಿ ಬಿಟ್ಟರೆ "ದಾಕ್ಷಾ ಹೀಗೆ ಮಾಡ್ತಿದ್ಲು". ಹೊಸ ಸೀರೆ ತಂದರೆ ಮೊದಲು ಅವಳ ಫೋಟೋ ಮುಂದಿಟ್ಟು, ಆಮೇಲೆ ಉಡಬೇಕು. ಆ ಮನೆಯಲ್ಲಿ ಎರಡನೆಯವಳಿಗೆ ಅದು ಪದ್ಧತಿ. ಸತ್ತ ಸವತಿಯ ಜೊತೆ ಜಗಳಕ್ಕಾದರೂ ಹೇಗೆ ನಿಲ್ಲೋದು ಅಂತ ಹಲ್ಲು ಕಡೀತಿದ್ದಳು. ಸುಮನಾ ಮಹಡಿಯಲ್ಲಿ ಕೂತು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳೋದು, ಸಿಗ್ನಲ್ ಮಾತ್ರ ಮೇಲೆ ಹತ್ತಲ್ಲ.

"ರೌಟರನ್ನ ಟಿವಿ ಹಿಂದೆ ಬಚ್ಚಿಡಬೇಡ, ಎತ್ತರದಲ್ಲಿಡು" ಅಂದಿದ್ದೆ. "ಆದ್ರೂ ಸಿಗ್ನಲ್ ಆರ್‌ಸಿಸಿ ತಾರಸಿ ದಾಟೋದು ಕಷ್ಟ ಮಾರಾಯ್ತಿ. ವೈರ್ ಎಳೆದುಬಿಡು. ಕರೆಂಟ್ ಪೈಪಲ್ಲಿ ತೂರಿಸ್ಬೇಡ, ಜಾಸ್ತಿ ಮಡಚ್ಬೇಡ." ತುದಿಗೆ ಪ್ಲಗ್ ಕೂರಿಸೋದನ್ನೂ ಕಲಿಸಿದೆ.

"ಆ ಮನೇಲಿ ಒಂದಾದ್ರೂ ನನ್ನ ಕೈಯಿಂದ ಆಗ್ಲಿ ಕಣೆ" ಅಂದಳು.

"ಫೋಟೋ ಮುಂದೆ ಇಡ್ತೀಯಾ?" ಅಂತ ಛೇಡಿಸಿದೆ.

"ಸೀರೆಗಾಯ್ತು. ವೈರಿಗೂ ಇಡ್ಲಾ? ಹೋಗೆ!"

ಇಡಲಿಲ್ಲ.

ಅವತ್ತು ರಾತ್ರಿ ಊಟ ಆದಮೇಲೆ ಶುರು ಮಾಡಿದರು. ಶಿವರಾಜ ಮಹಡಿಯಿಂದ ಪೈಪಿನೊಳಗೆ, ವೈರ್ ಕಟ್ಟಿ ಎಳೆಯೋಕೆ, ಒಂದು ತಂತಿ ಇಳಿಸಿದ. ಕೆಳಗೆ ಸುಮನಾ ವೈರಿನ ಒಂದು ತುದಿಗೆ ಪ್ಲಗ್ ಕೂರಿಸಿ ರೌಟರಿಗೆ ಸಿಕ್ಕಿಸಿದಳು, ಇನ್ನೊಂದು ತುದಿಯನ್ನು ತಂತಿಗೆ ಕಟ್ಟಿದಳು. ಅತ್ತೆ ಮಲಗಿದ್ದರು, ಅದಕ್ಕೇ ಪೈಪಿಗೆ ಬಾಯಿಟ್ಟು ಪಿಸುಮಾತು.

"ರೀ... ಎಳೀರಿ."

ಸರ್ರ್... ಸರ್ರ್...

"ಮೆಲ್ಲಗೆ ರೀ."

ಮೆಲ್ಲಗಾಯ್ತು.

"ಸಾಕು."

ನಿಂತಿತು. ಆಮೇಲೆ ಮೇಲಿನಿಂದ... ಕಟಕ್. ಪ್ಲಗ್ ಕೂರಿಸೋ ಇಕ್ಕಳದ ಸದ್ದು. ಆ ಇಕ್ಕಳ ಇದ್ದದ್ದು ಸುಮನಾಳ ಮಡಿಲಲ್ಲಿ.

ಅಷ್ಟರಲ್ಲಿ ಗೇಟ್ ಕಿರ್ರ್ ಅಂತು. ಶಿವರಾಜ ಒಳಗೆ ಬಂದ. "ಹೊರಗಿನ ಮೆಟ್ಲಿಳಿದು ಪಕ್ಕದ ಮನೆಗೆ ಅಂಟೋ ಟೇಪ್ ಇಸ್ಕೊಳ್ಳೋಕೆ ಹೋಗಿದ್ದೆ. ವೈರ್ ಕಟ್ಟಿದ್ಯಾ? ಎಳೀಲಾ?"

ಇಬ್ಬರೂ ಮೇಲೆ ಓಡಿದರು. ರೂಮು ಖಾಲಿ. ವೈರ್ ಹೊರಗೆ ಬಂದು ನೀಟಾಗಿ ಸುತ್ತಿಟ್ಟಿತ್ತು. ತುದಿಗೆ ಪ್ಲಗ್, ಪ್ಲಗ್ಗಿನ ಹಿಂದೆ ಕೆಂಪು ದಾರ. ಶಿವರಾಜ ಅದನ್ನು ಹಿಡಿದು ಅಲ್ಲೇ ಕೂತುಬಿಟ್ಟ. "ಯಾವ ವೈರ್ ಹಾಕಿದ್ರೂ ಹೀಗೆ ಕೆಂಪು ದಾರ ಸುತ್ತೋದು ದಾಕ್ಷಾ ಒಬ್ಳೇ" ಅಂದ. ಅಳ್ತಿದ್ದ.

ಇನ್ನೊಬ್ಬಳಾಗಿದ್ದರೆ ಚೀರ್ತಿದ್ದಳು. ಸುಮನಾಗೆ ಹೆದರಿಕೆಗಿಂತ ಉರಿ ಹೆಚ್ಚಾಯ್ತು. "ಇದನ್ನೂ ನಂಗೆ ಬಿಡ್ಲಿಲ್ವಲ್ಲೇ!" ಅಂತ ಪ್ಲಗ್ಗನ್ನು ಕತ್ತರಿಸಿ ಕಿಟಕಿಯಿಂದ ಎಸೆದಳು. ಬೇರೆ ಹಾಕಲೂ ಇಲ್ಲ.

ಮೊನ್ನೆ ಹೋಗಿದ್ದೆ. ಸುಮನಾ ಈಗ ಕೆಳಗೆ, ಅಡುಗೆಮನೆ ಬಾಗಿಲಲ್ಲಿ ಕೂತು ಪಾಠ ಹೇಳ್ತಾಳೆ. "ಮೇಲೆ ಯಾಕೆ ಕೂರಲ್ಲ?" ಅಂದೆ. "ನಮ್ಮನೆಯವರು ಈಗ ಅಲ್ಲೇ ಮಲಗ್ತಾರೆ" ಅಂದಳು, ನನ್ನ ಮುಖ ನೋಡದೆ.

ಮಹಡಿ ಹತ್ತಿ ನೋಡಿದೆ. ಶಿವರಾಜ ಮನೆಯಲ್ಲಿರಲಿಲ್ಲ. ವೈರಿನ ತುದಿ ಬೋಳಾಗಿ ನೇತಾಡ್ತಿತ್ತು. ಮೇಲೆ ಏನಕ್ಕೂ ಸಿಕ್ಕಿಸದಿದ್ದರೆ ಕೆಳಗೆ ರೌಟರಿನಲ್ಲಿ ಆ ವೈರಿನ ದೀಪ ಹೊತ್ತಲ್ಲ. ಅಂಗಡಿ ಇಟ್ಟವಳು, ಅಷ್ಟು ಗೊತ್ತು ನನಗೆ.

ಕೆಳಗಿಳಿದು ನೋಡಿದೆ. ಹೊತ್ತಿತ್ತು. ಮಿಣುಕ್... ಮಿಣುಕ್... ಮೇಲೆ ಯಾರೋ ಕೂತು ಕೆಲಸ ಮಾಡ್ತಿದ್ದರೆ ಮಿಣುಕೋ ಹಾಗೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕಣ್ಣಾರೆ ನೋಡಿದ್ದು.